ಅದತ್ತಾದಾನ ಮತ್ತು ಯೂಟ್ಯೂಬಿನ ಒಡೆತನ

ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಅದನ್ನು ಬಿಡುವುದು ಶ್ರಾವಕನ ಅಚೌರ್ಯಾಣುವ್ರತ. ಕದ್ದ ಮಾಲನ್ನು ಕೊಳ್ಳುವುದು, ತೂಕದ ಕಲ್ಲಿನಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಸರಕಿಗೆ ಕೀಳನ್ನು ಬೆರೆಸುವುದು ಇತ್ಯಾದಿ ಅತಿಚಾರಗಳು ವ್ಯಾಪಾರಿಗಳಾದ ನಮಗೆ ಬಾಯಿಪಾಠವಾಗಿವೆ. ಆದರೆ ತೆಗೆದುಕೊಂಡ ಮೇಲೂ ಒಡೆಯನ ಬಳಿಯೇ ಉಳಿಯುವ ವಸ್ತುವಿನ ವಿಷಯದಲ್ಲಿ ಕಳವೆಂದರೇನು? ಹಾಡನ್ನು ನಕಲು ಮಾಡಿದರೆ ಹಾಡಿದವನ ಕೊರಳೇನೂ ಬರಿದಾಗದು.

ಈ ಪ್ರಶ್ನೆ ಎದುರಾದುದು ನಮ್ಮೂರ ಬಸದಿಯ ಟ್ರಸ್ಟಿನ ಸಭೆಯಲ್ಲಿ. ಜೀರ್ಣೋದ್ಧಾರಕ್ಕೆ ಧನಸಹಾಯ ಕೋರಿ ನಮ್ಮ ತರುಣರು ಎರಡು ವಿಡಿಯೋಗಳನ್ನು ಯೂಟ್ಯೂಬಿಗೆ ಹಾಕಿದ್ದರು. ಎರಡರಲ್ಲೂ ಭಕ್ತಾಮರ ಸ್ತೋತ್ರ. ಒಂದರಲ್ಲಿ ನಮ್ಮ ಮಹಿಳಾ ಸಮಾಜದವರೇ ಹಾಡಿದ್ದರು. ಇನ್ನೊಂದಕ್ಕೆ ಯಾರದೋ ಧ್ವನಿಮುದ್ರಿಕೆಯನ್ನು ಕೇಳದೆಯೇ ಜೋಡಿಸಿದ್ದರು. ಕೆಲವು ತಿಂಗಳ ತರುವಾಯ ಧ್ವನಿಮುದ್ರಣ ಸಂಸ್ಥೆಯೊಂದು ಎರಡರ ಮೇಲೂ ಒಡೆತನ ಸಾರಿತು. "ಸ್ತೋತ್ರ ಮಾನತುಂಗಾಚಾರ್ಯರದು, ಇವರದು ಯಾವಾಗ ಆಯಿತು?" ಎಂದು ಹಿರಿಯ ಸದಸ್ಯರೊಬ್ಬರು ಗುಡುಗಿದರು.

ಅವರ ಮಾತು ಅರ್ಧ ನಿಜ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯಂತೆ ಸಾಹಿತ್ಯಕೃತಿಯ ಹಕ್ಕು ಕರ್ತೃವಿನ ಜೀವಿತಕಾಲ ಮತ್ತು ಆಮೇಲೆ ೬೦ ವರ್ಷ. ಆಚಾರ್ಯರ ವಾಣಿ ಎಲ್ಲರದು. ಆದರೆ ಅದನ್ನು ಹಾಡಿ ಮುದ್ರಿಸಿದ ಧ್ವನಿಗೆ ಬೇರೆಯೇ ಹಕ್ಕುಂಟು. ಅದರ ಅವಧಿ ಪ್ರಕಟಣೆಯಿಂದ ೬೦ ವರ್ಷ. ಬಾವಿ ಊರಿನದಾದರೂ ಸೇದಿ ತುಂಬಿಟ್ಟ ಕೊಡದ ನೀರು ಸೇದಿದವನದು.

ಒಬ್ಬ ತರುಣನು ಅತ್ತಿಮಬ್ಬೆಯ ಹೆಸರೆತ್ತಿದನು. ಹತ್ತನೆಯ ಶತಮಾನದಲ್ಲಿ ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳಷ್ಟೆ. ದಾನಚಿಂತಾಮಣಿಯೆಂದು ಹೊಗಳುವ ನಾವು, ನಕಲಿಗೆ ಅನುಮತಿ ಪಡೆದಿದ್ದಳೇ ಎಂದು ಕೇಳುತ್ತೇವೆಯೇ? ನಾನು ಬಹಳ ಹೊತ್ತು ಸುಮ್ಮನಿದ್ದೆ. ಹುಡುಗನ ಪ್ರಶ್ನೆ ಹಗುರವಾದುದಲ್ಲ. ಆದರೆ ಓಲೆಯ ಬೆಲೆಯನ್ನೂ ಲಿಪಿಕಾರರ ಕೂಲಿಯನ್ನೂ ಅತ್ತಿಮಬ್ಬೆ ತನ್ನ ಐಶ್ವರ್ಯದಿಂದ ತೆತ್ತಳು. ಪೊನ್ನನಿಗೆ ರಾಜಾಶ್ರಯವಿದ್ದಿತು; ಪ್ರತಿ ಹೆಚ್ಚಿದಷ್ಟೂ ಅವನ ಕೀರ್ತಿ ಹೆಚ್ಚಿತೇ ಹೊರತು ಅನ್ನ ಕಡಿಮೆಯಾಗಲಿಲ್ಲ. ಇಂದಿನ ಗಾಯಕನಿಗೆ ಪ್ರತಿಯೇ ಅನ್ನ. ಆಕೆ ತನ್ನದನ್ನು ದಾನ ಮಾಡಿದಳು, ನಾವು ಪರರದನ್ನು.

ಹಾಗೆಂದು ಹಕ್ಕು ಸಾರುವವರೆಲ್ಲ ಸತ್ಯವಂತರೆನ್ನಲಾಗದು. ಯೂಟ್ಯೂಬು ೨೦೦೭ರಲ್ಲಿ ತಂದ ಕಂಟೆಂಟ್ ಐಡಿ ಎಂಬ ಯಂತ್ರವ್ಯವಸ್ಥೆಯು, ಒಡೆಯರು ಕೊಟ್ಟ ಮಾದರಿಗೆ ಪ್ರತಿಯೊಂದು ಹೊಸ ವಿಡಿಯೋವನ್ನೂ ಹೋಲಿಸಿ ನೋಡುತ್ತದೆ. ಹೊಂದಿಕೆ ಕಂಡರೆ ಒಡೆಯನು ವಿಡಿಯೋವನ್ನು ತಡೆಯಬಹುದು, ಜಾಹೀರಾತಿನ ಹಣ ಪಡೆಯಬಹುದು, ಸುಮ್ಮನೆ ಗಮನಿಸುತ್ತಲೂ ಇರಬಹುದು. ಯಂತ್ರಕ್ಕೆ ಹೋಲಿಕೆ ತಿಳಿಯುತ್ತದೆ, ಅನುಮತಿ ತಿಳಿಯದು. ನಮ್ಮ ಹೆಂಗಸರ ಗಾಯನದ ಮೇಲೆ ಹಕ್ಕು ಸಾರಿದವರು ಅದನ್ನು ಒಮ್ಮೆಯಾದರೂ ಕಿವಿಯಿಂದ ಕೇಳಿದ್ದರೇ ಎಂಬ ಸಂದೇಹ ನನಗಿದೆ. ಕೇಳದೆ ಬಳಸುವುದು ಅದತ್ತಾದಾನವಾದರೆ, ತನ್ನದಲ್ಲದುದನ್ನು ತನ್ನದೆಂದು ಸಾರುವುದೂ ಅದತ್ತಾದಾನವೇ. ಅದರೊಡನೆ ಅಸತ್ಯವೂ ಸೇರುತ್ತದೆ. ಆಧಾರವಿಲ್ಲದೆ ಬೆದರಿಸಿದವರ ವಿರುದ್ಧ ನ್ಯಾಯಾಲಯಕ್ಕೆ ಹೋಗಲು ಕಾಯಿದೆಯ ೬೦ನೆಯ ಪ್ರಕರಣವೂ ದಾರಿ ತೆರೆದಿದೆ.

ಹಕ್ಕು ನಿಜವಾಗಿದ್ದಾಗಲೂ ಅದರ ಬೆಲೆ ಎಷ್ಟೆಂಬ ಪ್ರಶ್ನೆ ಉಳಿಯುತ್ತದೆ. ತೊಂಬತ್ತು ದಿನಗಳೊಳಗೆ ಮೂರು ಉಲ್ಲಂಘನೆಯ ಗುರುತು ಬಿದ್ದರೆ ಇಡೀ ಚಾನೆಲ್ಲೇ ಹೋಗಬಹುದು. ಕೆಲವೇ ಸೆಕೆಂಡುಗಳ ತುಣುಕುಗಳಿಗಾಗಿ ಎಎನ್‌ಐ ಸುದ್ದಿಸಂಸ್ಥೆ ಲಕ್ಷಗಟ್ಟಲೆ ರೂಪಾಯಿ ಕೇಳಿತೆಂದು ಮೋಹಕ್ ಮಂಗಲ್ ಎಂಬ ಯೂಟ್ಯೂಬರ್ ೨೦೨೫ರ ಮೇ ತಿಂಗಳಲ್ಲಿ ಆಪಾದಿಸಿದರು. ತನ್ನ ಹಕ್ಕನ್ನಷ್ಟೇ ಕಾಯ್ದುಕೊಳ್ಳುತ್ತಿರುವುದಾಗಿ ಹೇಳಿದ ಸಂಸ್ಥೆ ದಿಲ್ಲಿ ಉಚ್ಚ ನ್ಯಾಯಾಲಯದಲ್ಲಿ ಮಾನನಷ್ಟದ ದಾವೆ ಹೂಡಿತು. ನ್ಯಾಯ ಯಾರ ಕಡೆಗೆಂದು ನಾನು ಹೇಳತಕ್ಕವನಲ್ಲ. ಆದರೆ ಕೊಳ್ಳುವವನ ಗಂಟಲು ಕೈಯಲ್ಲಿರುವಾಗ ನಿಗದಿಯಾದ ದರವನ್ನು ನಮ್ಮ ಪೇಟೆಯಲ್ಲಿ ಯಾರೂ ದರವೆನ್ನುವುದಿಲ್ಲ.

ಮಹಿಳೆಯರ ಗಾಯನದ ಬಗ್ಗೆ ತಕರಾರು ಸಲ್ಲಿಸಿದೆವು. ಉತ್ತರಿಸಲು ಹಕ್ಕುದಾರನಿಗೆ ೩೦ ದಿನಗಳ ಅವಕಾಶ. ಅದರೊಳಗೇ ಸಂಸ್ಥೆ ಹಕ್ಕನ್ನು ಕೈಬಿಟ್ಟಿತು. ಇನ್ನೊಂದು ವಿಡಿಯೋವನ್ನು ನಾವೇ ತೆಗೆದುಹಾಕಿದೆವು. ಆದರೆ ಅದನ್ನು ನೋಡಿ ಬಂದ ದೇಣಿಗೆ? ದಾನಿಗಳು ಬಸದಿಗೆಂದು ಕೊಟ್ಟುದನ್ನು ಹಾಡಿದವರಿಗೆ ತಿರುಗಿಸುವ ಅಧಿಕಾರ ಟ್ರಸ್ಟಿಗಿಲ್ಲ. ಹಾಡಿದವರ ಋಣವನ್ನು ಅಳಿಸುವ ಅಧಿಕಾರವೂ ಇಲ್ಲ. ಕಡೆಗೆ ಸದಸ್ಯರೆಲ್ಲ ಸ್ವಂತ ಕೈಯಿಂದ ಒಂದಿಷ್ಟು ಕೂಡಿಸಿ, ಪರವಾನಗಿ ಶುಲ್ಕ ಎಷ್ಟೆಂದು ಸಂಸ್ಥೆಗೆ ಪತ್ರ ಬರೆದೆವು. ಉತ್ತರ ಬಂದಿಲ್ಲ. ಹಣವು ಬೇರೆ ಖಾತೆಯಲ್ಲಿದೆ.