ಗುಳೆ, ಪಲಾಯನ, ಸೇವೆ

ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸುಗಳಲ್ಲಿ ಎರಡು ಬಗೆಯ ಪ್ರಯಾಣಿಕರಿರುತ್ತಾರೆ. ಕಟ್ಟಡ ಕೆಲಸಕ್ಕೆ ಹೊರಟ ಕುಟುಂಬಗಳು ಒಂದು ಕಡೆ, ಪದವಿ ಮುಗಿಸಿ ನೌಕರಿ ಹುಡುಕಿಕೊಂಡು ಹೊರಟ ಯುವಕ ಯುವತಿಯರು ಇನ್ನೊಂದು ಕಡೆ. ಬಿಡುವ ಊರೂ ಸೇರುವ ಊರೂ ಒಂದೇ. ಆದರೆ ನಮ್ಮ ಭಾಷೆ ಮೊದಲನೆಯವರದನ್ನು ಗುಳೆ ಎನ್ನುತ್ತದೆ, ಎರಡನೆಯವರದನ್ನು ಪ್ರತಿಭಾ ಪಲಾಯನ ಎನ್ನುತ್ತದೆ. ಓದಿದವರು ಮರಳಿದರೆ ಅದು ಸೇವೆ. ಗುಳೆ ಹೋದವರು ಮರಳಿದರೆ ಅದಕ್ಕೊಂದು ಹೆಸರೂ ಇಲ್ಲ.

ಹಿಂದುಳಿದ ಪ್ರದೇಶಗಳಿಗೆ ನುರಿತ ಯುವಜನರನ್ನು ಸೆಳೆಯುವುದು ಹೇಗೆ ಎಂಬುದು ಆಡಳಿತದ ಪ್ರಶ್ನೆಯಂತೆ ಕಾಣುತ್ತದೆ. ಅದರ ಒಳಗೊಂದು ನೈತಿಕ ಪ್ರಶ್ನೆ ಅಡಗಿದೆ: ಅಲ್ಲಿಗೆ ಹೋಗುವ ಕರ್ತವ್ಯ ಯಾರದು?

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ ಅಂತರಕ್ಕೆ ನಾವು ಕಂಡುಕೊಂಡ ಒಂದು ಉತ್ತರ ಕಡ್ಡಾಯ. ವೈದ್ಯಕೀಯ ಪದವೀಧರರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು ರಾಜ್ಯ 2012ರಲ್ಲಿ ಕಾಯ್ದೆ ಮಾಡಿತು. ಇನ್ನೊಂದು ಉತ್ತರ ಸಂವಿಧಾನದ 371(ಜೆ) ವಿಧಿ. 98ನೇ ತಿದ್ದುಪಡಿಯಿಂದ ಬಂದ ಇದು ಕಲ್ಯಾಣ ಕರ್ನಾಟಕದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಟ್ಟಿತು. ಮೊದಲನೆಯದು ಹೊರಗಿನವರನ್ನು ಕಳಿಸುತ್ತದೆ, ಎರಡನೆಯದು ಅಲ್ಲಿಯವರನ್ನೇ ಬೆಳೆಸಲು ನೋಡುತ್ತದೆ.

ಕಡ್ಡಾಯವನ್ನು ಸಮರ್ಥಿಸುವವರು ಋಣದ ಮಾತಾಡುತ್ತಾರೆ. ಸಾರ್ವಜನಿಕರ ದುಡ್ಡಿನಲ್ಲಿ ಓದಿದವರು ಸಾರ್ವಜನಿಕರಿಗೆ ಏನಾದರೂ ಮರಳಿಸಲಿ ಎಂಬುದು ನ್ಯಾಯವೇ. ಆದರೆ ಈ ಋಣವನ್ನು ಹುಟ್ಟಿದ ಊರಿಗೆ ಕಟ್ಟಿಹಾಕಿದರೆ ತೊಡಕು ಶುರುವಾಗುತ್ತದೆ. ಜಾತಿಯ ಕಟ್ಟಿನಿಂದಲೋ ಬೇಡದ ಮದುವೆಯಿಂದಲೋ ತಪ್ಪಿಸಿಕೊಳ್ಳಲೆಂದೇ ಓದಿದ ಹುಡುಗಿಗೆ "ನಿನ್ನೂರಿಗೆ ವಾಪಸು ಹೋಗು, ಋಣ ತೀರಿಸು" ಎನ್ನುವುದು ಕ್ರೌರ್ಯ. ಅಷ್ಟೇ ಅಲ್ಲ, ಅನುಕೂಲಸ್ಥ ಊರಿನಲ್ಲಿ ಹುಟ್ಟಿದವರಿಗೆ ಈ ಲೆಕ್ಕದಲ್ಲಿ ಸಾಲವೇ ಇರುವುದಿಲ್ಲ. ಬಡ ಊರಿನ ಮಕ್ಕಳು ಮಾತ್ರ ಸಾಲಗಾರರು! ದೇವದುರ್ಗದ ಮೇಸ್ತ್ರಿ ಕಟ್ಟಿದ ಮನೆಯಲ್ಲಿ ಬೆಂಗಳೂರಿನ ಯಾರೋ ವಾಸವಾಗಿದ್ದಾರೆ. ಋಣ ಅವರಿಗೂ ಇದೆ.

ಕಡ್ಡಾಯ ಬೇಡವೆನ್ನುವವರು ತ್ಯಾಗದ ಮಾತಾಡುತ್ತಾರೆ. ನನಗೆ ಹೆಚ್ಚು ಅನುಮಾನವಿರುವುದು ಇದರ ಮೇಲೆಯೇ. ಒಂದು ಊರಿಗೆ ಹೋಗಿ ಬದುಕುವುದು ತ್ಯಾಗವಾದರೆ, ಅಲ್ಲೇ ಹುಟ್ಟಿ ಬದುಕುತ್ತಿರುವವರ ಪಾಡನ್ನು ಏನೆನ್ನಬೇಕು? ಕಲ್ಯಾಣ ಕರ್ನಾಟಕಕ್ಕೆ ವರ್ಗವಾಗುವುದನ್ನು ಶಿಕ್ಷೆ ಎಂದು ಆಡಿಕೊಳ್ಳುವ ನೌಕರನೂ, ಅಲ್ಲಿಗೆ ಹೋದವನನ್ನು ತ್ಯಾಗಿ ಎಂದು ಹೊಗಳುವ ಭಾಷಣಕಾರನೂ ಆ ಊರಿನ ಬಗ್ಗೆ ಹೇಳುತ್ತಿರುವುದು ಒಂದೇ ಮಾತು.

ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಅವರನ್ನು ಇಲ್ಲಿ ನೆನೆಯಬಹುದು. ಸೋಲಿಗರ ನಡುವೆ ಅವರು 1981ರಲ್ಲಿ ಆರಂಭಿಸಿದ ಕೆಲಸವನ್ನೂ ತ್ಯಾಗದ ಕತೆಯಾಗಿಯೇ ಹೇಳುವುದು ರೂಢಿ. ಆದರೆ ಆ ಕೆಲಸ ಒಬ್ಬ ವೈದ್ಯರಲ್ಲಿ ನಿಲ್ಲಲಿಲ್ಲ. ಶಾಲೆಯಾಯಿತು, ಸೋಲಿಗರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತರಬೇತುಗೊಳಿಸುವುದಾಯಿತು. ಹೊರಗಿನಿಂದ ಬಂದವರು ತಾವಿಲ್ಲದೆಯೂ ನಡೆಯುವಂಥದ್ದನ್ನು ಉಳಿಸುವುದು ಮುಖ್ಯ. ಹಾಗಾದಾಗ ಊರು ಕೃತಜ್ಞತೆಯ ಭಾರ ಹೊತ್ತು ಕೂರಬೇಕಿಲ್ಲ.

ಹಾಗಾದರೆ ಕರ್ತವ್ಯ ಯಾರದು? ಒಬ್ಬೊಬ್ಬ ಯುವಕನ ಎದೆಯ ಮೇಲೆ ಅದನ್ನು ಹೇರುವ ಮುನ್ನ ಸಮಾಜ ತನ್ನ ಪಾಲನ್ನು ಸಲ್ಲಿಸಬೇಕು. ಔಷಧಿಯಿಲ್ಲದ ಆಸ್ಪತ್ರೆಗೆ ವೈದ್ಯೆಯನ್ನು, ಪ್ರಯೋಗಾಲಯವಿಲ್ಲದ ಕಾಲೇಜಿಗೆ ಅಧ್ಯಾಪಕನನ್ನು ಕಳಿಸಿ ನಿಷ್ಠೆ ಕೇಳುವುದು ತಪ್ಪು. ಆ ಪಾಲು ಸಂದ ಮೇಲೆ, ನುರಿತವರು ತಮ್ಮ ಬದುಕಿನ ಕೆಲವು ವರ್ಷಗಳನ್ನು ಅಲ್ಲಿ ಕಳೆಯಲಿ ಎಂದು ಕೇಳುವ ಹಕ್ಕು ಸಮಾಜಕ್ಕಿದೆ. ಅದು ಎಲ್ಲ ಊರಿನಲ್ಲಿ ಹುಟ್ಟಿದವರಿಗೂ ಅನ್ವಯಿಸಬೇಕು. ಉಳಿಯುವುದೋ ಹೊರಡುವುದೋ ಆಮೇಲೆ ಅವರಿಗೆ ಬಿಟ್ಟದ್ದು.

ಅದೇ ಆಯ್ಕೆ ಮೇಸ್ತ್ರಿಗೂ ಸಿಗಬೇಕು. ಹೊರಡಲೇಬೇಕಾದ ಅನಿವಾರ್ಯ ಇಲ್ಲದ ಊರಿಗೆ ಜನರನ್ನು ಸೆಳೆಯುವ ಕಷ್ಟವೂ ಅಷ್ಟಾಗಿ ಇರಲಾರದು.