ತೊಡೆಯ ಮೇಲಿನ ಮಗು

ರಾತ್ರಿ ಒಂಬತ್ತರ ಆಟ. ನನ್ನ ಮುಂದಿನ ಸಾಲಿನಲ್ಲಿ ಅಪ್ಪನ ತೊಡೆಯ ಮೇಲೆ ನಾಲ್ಕೈದು ವರ್ಷದ ಹುಡುಗ. ತೆರೆಯ ಮೇಲೆ ಮಚ್ಚು ಬೀಸತೊಡಗಿತು, ಸುತ್ತಲೂ ಶಿಳ್ಳೆ. ಹುಡುಗ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ. ಅಪ್ಪ ನಗುತ್ತ ಆ ಕೈಗಳನ್ನು ಬಿಡಿಸಿ, ‘ನೋಡೋ ಮಗಾ, ಏನಾಗಲ್ಲ’ ಎಂದ. ಆಟ ಮುಗಿಯುವ ಹೊತ್ತಿಗೆ ಹುಡುಗನೂ ಶಿಳ್ಳೆ ಹೊಡೆಯಲು ತುಟಿ ಚೂಪು ಮಾಡುತ್ತಿದ್ದ. ಆ ಎರಡು ಪುಟ್ಟ ಕೈಗಳು ಈಗಲೂ ನನ್ನ ಕಣ್ಣ ಮುಂದಿವೆ.

ನೋಡಿದರೆ ನಿಜಕ್ಕೂ ಏನೂ ಆಗುವುದಿಲ್ಲವೇ? 1961ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ, ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಬಡಿಯುವುದನ್ನು ಶಿಶುವಿಹಾರದ ಮಕ್ಕಳಿಗೆ ತೋರಿಸಿದರು. ಆಮೇಲೆ ಬೊಂಬೆ ಕೈಗೆ ಸಿಕ್ಕಾಗ ಅನೇಕ ಮಕ್ಕಳು ಅದೇ ಏಟು, ಅದೇ ಮಾತುಗಳನ್ನು ಒಪ್ಪಿಸಿದರು. ಬೊಂಬೆ ಇರುವುದೇ ಹೊಡೆಯಲು, ಅದರಿಂದ ಮಗು ಕ್ರೂರಿಯಾಯಿತು ಎನ್ನಲಾಗದು ಎಂದು ಆಕ್ಷೇಪಿಸಿದವರೂ ಇದ್ದಾರೆ. ಆ ವಾದ ಇನ್ನೂ ಮುಗಿದಿಲ್ಲ. ಮಕ್ಕಳಿಗೆ ಹಿಂಸಾತ್ಮಕ ವಿಡಿಯೊ ಗೇಮ್ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನನ್ನು 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಮಾಡಿತು. ಗೇಮ್‌ನಿಂದಲೇ ಮಕ್ಕಳು ಹಿಂಸೆಗಿಳಿಯುತ್ತಾರೆ ಎಂದು ಅಧ್ಯಯನಗಳು ಸಾಬೀತುಪಡಿಸಿಲ್ಲ ಎಂದಿತು. ಸಿನಿಮಾ ನೋಡಿದವರೆಲ್ಲ ಮಚ್ಚು ಹಿಡಿಯುವುದಿಲ್ಲ, ನಿಜ. ನನ್ನನ್ನು ಕಾಡುವುದು ಕಣ್ಣು ಮುಚ್ಚಿದ ಕೈ ಕೆಳಗಿಳಿದ ಆ ಗಳಿಗೆ.

ಅಂದು ಆಟ ಮುಗಿಸಿ ಮನೆಗೆ ಬರುವಾಗ ಸಂಸ್ಕೃತ ನಾಟಕಕಾರ ಭಾಸನ ‘ಊರುಭಂಗ’ ನೆನಪಾಯಿತು. ಭೀಮನ ಗದೆ ದುರ್ಯೋಧನನ ತೊಡೆ ಮುರಿಯುವುದನ್ನು ಆ ನಾಟಕ ಕಣ್ಣಿಗೆ ತೋರಿಸುವುದೇ ಇಲ್ಲ. ಸೈನಿಕರು ಬಂದು ಬಣ್ಣಿಸುತ್ತಾರೆ, ಅಷ್ಟೆ. ನಾವು ಕಾಣುವುದು ಏಟಿನ ನಂತರದ್ದು. ತೆವಳುತ್ತಿರುವ ರಾಜ, ಮಗನನ್ನು ಹುಡುಕುತ್ತ ಬರುವ ಕುರುಡ ತಂದೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ತಾಯಿ. ಜೊತೆಗೆ ದುರ್ಯೋಧನನ ಮಗ, ಪುಟ್ಟ ದುರ್ಜಯ. ಅವನು ಎಂದಿನಂತೆ ಅಪ್ಪನ ತೊಡೆ ಏರಲು ಬರುತ್ತಾನೆ. ಕೂರಿಸಿಕೊಳ್ಳಲು ಅಪ್ಪನಿಗೆ ತೊಡೆಯೇ ಇಲ್ಲ. ಏಟನ್ನು ತೋರಿಸದೆಯೇ, ಹಿಂಸೆ ಎಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಾಣೆ.

ಲಾಂಗು ಮಚ್ಚಿನ ಚಿತ್ರಗಳಲ್ಲಿ ಬಿದ್ದವನಿಗೆ ಮನೆಯಿಲ್ಲ, ಮಗನಿಲ್ಲ, ಹೆಸರೂ ಇಲ್ಲ. ಗಾಳಿಯಲ್ಲಿ ಹಾರಿ ಬಿದ್ದನೆಂದರೆ ಅವನ ಕಥೆ ಮುಗಿಯಿತು. ಸೆನ್ಸಾರ್ ಕತ್ತರಿ ಇದನ್ನು ಸರಿಪಡಿಸಲಾರದು. ಅದು ಚಿಮ್ಮುವ ರಕ್ತವನ್ನು ಕತ್ತರಿಸುತ್ತದೆ, ಬೈಗುಳವನ್ನು ಮೂಕವಾಗಿಸುತ್ತದೆ, ನಾಯಕನ ಠೀವಿಯನ್ನು ಹಾಗೇ ಬಿಡುತ್ತದೆ. ಆಗ ಉಳಿಯುವುದು ನೋವೇ ಇಲ್ಲದ ಹೊಡೆತ. ಮಗುವಿನ ಮಟ್ಟಿಗೆ ಅದು ಇನ್ನೂ ಕೆಟ್ಟದ್ದು. ಇನ್ನು ನಿಷೇಧದ ಮಾತು. 1988ರಲ್ಲಿ ದೂರದರ್ಶನದಲ್ಲಿ ಬಂದ ಗೋವಿಂದ ನಿಹಲಾನಿಯವರ ‘ತಮಸ್’ ದೇಶವಿಭಜನೆಯ ದಂಗೆಗಳನ್ನು ಮುಚ್ಚಿಡದೆ ತೋರಿಸಿತು. ನಿಲ್ಲಿಸಬೇಕೆಂದು ಕೋರ್ಟಿಗೆ ಹೋದವರಿದ್ದರು. ನಮ್ಮ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕೃತಿಯ ಪರಿಣಾಮವನ್ನು ದುರ್ಬಲ ಮನಸ್ಸಿನವರ ಅಳತೆಯಲ್ಲಿ ತೂಗಬಾರದು, ವಿವೇಕವುಳ್ಳ ದೃಢಮನಸ್ಕರ ಅಳತೆಯಲ್ಲಿ ತೂಗಬೇಕು ಎಂದಿತು. ವಯಸ್ಕರ ವಿಷಯದಲ್ಲಿ ಆ ತೀರ್ಪು ಸರಿ ಎಂದೇ ನಾನು ನಂಬಿದ್ದೇನೆ.

ಆದರೆ ನಾಲ್ಕು ವರ್ಷದ ಮಗುವಿಗೆ ಆ ದೃಢತೆ ಎಲ್ಲಿಂದ ಬರಬೇಕು? 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ತಿದ್ದುಪಡಿಯಾಗಿ, ‘ಯುಎ’ ಪ್ರಮಾಣಪತ್ರ 7+, 13+, 16+ ಎಂದು ಮೂರಾಯಿತು. ‘ಎ’ ಚಿತ್ರಕ್ಕೆ ಹದಿನೆಂಟು ತುಂಬದವರನ್ನು ಬಿಡಬಾರದು ಎಂಬುದು ಕಾನೂನು. ‘ಯುಎ’ ಹಾಗಲ್ಲ. ಆ ಅಂಕಿಯನ್ನು ಪಾಲಿಸುವ ಹೊಣೆಯನ್ನು ಕಾಯ್ದೆ ತಂದೆತಾಯಿ, ಪೋಷಕರಿಗೇ ಬಿಟ್ಟಿದೆ. ಬೇರೆ ಯಾರೂ ಅದನ್ನು ಜಾರಿ ಮಾಡುವಂತಿಲ್ಲ. ಬಾಗಿಲಲ್ಲಿ ಟಿಕೆಟ್ ಹರಿಯುವವನು ನಿಮ್ಮ ಮಗುವನ್ನು ತಡೆಯುವುದಿಲ್ಲ.

ಈ ವಾರ ಟಿಕೆಟ್ ಕೊಳ್ಳುವ ಮುನ್ನ ಆ ಅಂಕಿಯನ್ನೊಮ್ಮೆ ನೋಡಿ. ಕತ್ತಲಲ್ಲಿ ಮಗು ಕಣ್ಣು ಮುಚ್ಚಿಕೊಂಡರೆ ದಯವಿಟ್ಟು ಅದರ ಕೈ ಬಿಡಿಸಬೇಡಿ, ಎತ್ತಿಕೊಂಡು ಹೊರಗೆ ಬನ್ನಿ.