ಇನ್ನೂರು ಸಾಲು

ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿರುವ ಹುಡುಗನೊಬ್ಬ ಕಳೆದ ವರ್ಷ ನೋಟ್‌ಬುಕ್ಕು ಹಿಡಿದು ಮನೆಗೆ ಬಂದ. 'ಸಾ, ದೀರ್ಘ ಕವನದ ಸ್ಪರ್ಧೆ ಐತೆ. ಇನ್ನೂರು ಸಾಲಿಗೆ ಕಮ್ಮಿ ಇರಬಾರದಂತೆ. ನಂದು ನೂರ ಮೂವತ್ತಕ್ಕೇ ನಿಂತೋಯ್ತು. ಉಳಿದದ್ದಕ್ಕೆ ಏನ್ ಬರೀಲಿ?' ಎಂದ. ಬಹುಮಾನದ ದುಡ್ಡಲ್ಲಿ ಪರೀಕ್ಷೆ ಫೀಜು ಕಟ್ಟುವ ಲೆಕ್ಕ ಅವನದು. ಕಾವ್ಯವನ್ನು ಅಳತೆಗೋಲಿಟ್ಟು ಬರೆಯಬಾರದು ಕಣಯ್ಯ ಎಂದು ಉಪದೇಶ ಮಾಡಿ ಕಳಿಸಬಹುದಿತ್ತು. ಹೊಟ್ಟೆ ತುಂಬಿದವರ ಬಾಯಲ್ಲಿ ಆ ಮಾತು ಚೆಂದ.

ಓದಿದೆ. ಅವನಜ್ಜಿ ಮೇಲುಕೇರಿಯ ಬಾವಿ ಹತ್ತಿರ ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ನೀರು ಹೊಯ್ದಾರೆಂದು ಕಾದು ನಿಂತ ಕತೆ. ಹಗ್ಗ ಮುಟ್ಟುವಂತಿರಲಿಲ್ಲ ಆಕೆ. 130 ಸಾಲಿನವರೆಗೆ ಪದ್ಯ ಮುಳ್ಳಿನಂತೆ ಚುಚ್ಚುತ್ತಿತ್ತು. ಆಮೇಲೆ ಚಂದ್ರ ಬಂದ. ಕೋಗಿಲೆ ಬಂತು. 'ಓ ಕತ್ತಲೆಯೇ' ಎಂಬುದು ನಾಲ್ಕು ಸಲ ಬಂತು. ಹೀಗೆ 160ರ ತನಕ ಎಳೆದಿದ್ದ.

ಇದು ಬರೀ ಕಸುಬಿನ ತಪ್ಪೋ, ನೀತಿಯ ತಪ್ಪೋ? ಭಾಮಿನಿ ಷಟ್ಪದಿಯಲ್ಲಿ ಆರು ಸಾಲು, ಒಟ್ಟು 102 ಮಾತ್ರೆ. ಮಾತು ಮುಗಿದರೂ ಮಾತ್ರೆ ಉಳಿದರೆ ಕವಿ ಒಂದೆರಡು ಪೊಳ್ಳು ಪದ ತುರುಕುತ್ತಾನೆ. ಪಂಡಿತರು ಇದನ್ನು ಪಾದಪೂರಣ ಎನ್ನುತ್ತಾರೆ. ರಾಜನ ಕತೆ ಅದನ್ನು ತಾಳಿಕೊಂಡೀತು. ಆದರೆ ಸಾಲು ಭರ್ತಿ ಮಾಡಲಿಕ್ಕೆ ಅಜ್ಜಿಯ ಬಾಯಾರಿಕೆಯ ಪಕ್ಕ ಚಂದ್ರನನ್ನು ತಂದು ನಿಲ್ಲಿಸಿದರೆ, ಆ ಬಾಯಾರಿಕೆಯನ್ನು ಬಾಡಿಗೆಗೆ ಬಿಟ್ಟಂತಾಗುವುದಿಲ್ಲವೆ?

ಹಾಗಾದರೆ ಅಳತೆಯೇ ಬೇಡ, ಛಂದಸ್ಸೆಲ್ಲ ಅಗ್ರಹಾರದ್ದು ಎನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಮೆರವಣಿಗೆಯ ಬಾಯಿಗೆ ಹತ್ತಿದ್ದರಲ್ಲಿ ಲಯದ ಪಾಲು ಸಣ್ಣದಲ್ಲ. ಇನ್ನು ನಮ್ಮ ದೀರ್ಘಕಾವ್ಯ ಯಾವುದು? ಕಂಸಾಳೆಯವರು ಮಾದಪ್ಪನನ್ನು ಹಾಡುತ್ತಾರೆ, ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯನ್ನು ಹಾಡುತ್ತಾರೆ. ಅವರ ಬಾಯಲ್ಲಿ 'ಸಾಲು' ಎಂದರೆ ಅಚ್ಚಿನ ಒಂದು ಗೆರೆಯಲ್ಲ, ಇಡೀ ಒಂದು ಕಥಾಭಾಗ. ಸಂಕಮ್ಮನ ಸಾಲು, ಹಲಗೂರು ಸಾಲು. ಗಂಡ ಆಣೆ ಭಾಷೆ ಕೇಳಿ ಹಿಂಸಿಸುವ ಸಂಕಮ್ಮನದು ಒಂದೇ ಸಾಲು. ಕೇಳುತ್ತ ಕೂತರೆ ರಾತ್ರಿ ಸರಿದದ್ದೇ ತಿಳಿಯದು. ಅಲ್ಲೂ ಅಳತೆ ಇದೆ. ಬೆಳಗಾಗುವುದರೊಳಗೆ ಮುಗಿಯಬೇಕು, ಕೂಲಿಗೆ ಹೋಗುವವರು ಕೂತಿದ್ದಾರೆ. ಸೊಲ್ಲು ಮತ್ತೆ ಮತ್ತೆ ಬರುತ್ತದೆ, ಆದರೆ ಅದು ಪಾದಪೂರಣವಲ್ಲ. ಹಾಡುವವನಿಗೆ ಮುಂದಿನ ಮಾತು ನೆನಪಾಗಬೇಕು, ಕೇಳುವವಳಿಗೆ ಕಣ್ಣೊರೆಸಿಕೊಳ್ಳಲು ಹೊತ್ತು ಬೇಕು. ಎದುರಿಗೆ ಕೂತವರು ತೂಕಡಿಸಿದರೆ ಹಾಡುಗಾರನಿಗೆ ಆಗಲೇ ಗೊತ್ತಾಗುತ್ತದೆ. ಸ್ಪರ್ಧೆಯ ಅಳತೆ ಇಟ್ಟವರು ಯಾರೆದುರಿಗೆ ಕೂತಿರುತ್ತಾರೋ!

ಹುಡುಗನನ್ನು ಕೇಳಿದೆ: 'ನಿಮ್ಮಜ್ಜಿ ಎಷ್ಟೊತ್ತು ನಿಂತಿರ್ತಿದ್ರಪ್ಪ?'

'ಒಂದೊಂದ್ ದಿನ ಮಧ್ಯಾನಗಂಟ ಸಾ. ಅಜ್ಜೀನೇ ಹೇಳೋರು.'

'ಪದ್ಯದಾಗೆ?'

ಎಣಿಸಿದ. ಆರು ಸಾಲು.

'ಆರೇ ಸಾಲಿಗೆ ಮಧ್ಯಾಹ್ನ ಆಗೋಯ್ತಲ್ಲ ಕಣಯ್ಯ.'

ಅವನು ಮಾತಾಡಲಿಲ್ಲ. ಚಂದ್ರ, ಕೋಗಿಲೆ ಎಲ್ಲ ಹೊಡೆದುಹಾಕಿಕೊಂಡು ಹೋದ. ವಾರದ ಮೇಲೆ ಬಂದ. ಈಗ ಬಾವಿಗೆ ಒಬ್ಬೊಬ್ಬರೇ ಬರುತ್ತಿದ್ದರು. ಸೇದುತ್ತಿದ್ದರು, ತುಂಬಿಕೊಂಡು ಹೋಗುತ್ತಿದ್ದರು. ಗಡಗಡೆಯ ಸದ್ದು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಅಜ್ಜಿಯ ನೆರಳು ಕಾಲಡಿಗೆ ಬರುವ ತನಕ ಓದುವ ನನಗೂ ಕೂರಲಾಗಲಿಲ್ಲ. ಒಟ್ಟು 187 ಸಾಲು.

'ಇನ್ನ ಹದಿಮೂರು ಸಾ...' ಎಂದ.

ಫೀಜಿನ ನೆನಪಾಗಿ ನನಗೂ ಆಸೆಯಾಯಿತು. 'ಅಷ್ಟೊತ್ತು ನಿಂತೋರು ಒಂದು ಮಾತೂ ಬೈತಿರಲಿಲ್ಲವೇನಯ್ಯ? ಅದನ್ನ ಬರಿ' ಎಂದೆ.

'ಬೈದ್ರೆ ನಾಳೀಕೆ ನೀರು ಹೊಯ್ತಿರಲಿಲ್ಲ ಸಾ.'

ಅದನ್ನೇ ಬರೆದುಕೊಂಡ. 188 ಆಯಿತು. ಹಾಗೇ ಅಂಚೆಗೆ ಹಾಕಿದ.